ಬೆಳಕು ಹರಿಯುವ ಮುಂಚಿನ ನೀರು

ಗುಳುಗುಳು, ಗುಳುಗುಳು. ಸವದತ್ತಿಯ ನಮ್ಮ ಮನೆಯ ಮೇಲಿನ ಕೋಣೆಯಿಂದ ಆ ಸದ್ದು ಸದಾ ಇಳಿದು ಬರುತ್ತಿತ್ತು, ಯಾರೋ ದೊಡ್ಡ ಹುಕ್ಕಾ ಸೇದುತ್ತ ಕುಳಿತ ಹಾಗೆ. ಮೊದಮೊದಲು ನನಗೆ ತಲೆನೋವು ಬಂತು. ಆಮೇಲೆ ರೂಢಿಯಾಯಿತು. ಕರೆಂಟು ಹೋದರೆ ಬೇರೆಯವರ ಮನೆಯಲ್ಲಿ ಫ್ಯಾನು ನಿಲ್ಲುತ್ತಿತ್ತು, ಟಿವಿ ನಿಲ್ಲುತ್ತಿತ್ತು. ನಮ್ಮಲ್ಲಿ ಗುಳುಗುಳು ನಿಲ್ಲುತ್ತಿತ್ತು. ನಿಂತ ಕೂಡಲೇ ಮೇಲೆ ದಡದಡ ಹೆಜ್ಜೆ, ಹಿಂದೆಯೇ ಕೂಗು: "ಅಕ್ಕೋರಾ, ಲಗೂ ಬರ್ರಿ! ಪಂಪ್ ಹೊಡೀಬೇಕು!"

ನಾನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಅಲ್ಲಿ ಎರಡು ಪ್ಲಾಸ್ಟಿಕ್ ಟಬ್ಬು, ಟಬ್ಬಿನ ತುಂಬ ಕ್ಯಾನುಗಳಲ್ಲಿ ತರಿಸಿದ ಸಮುದ್ರದ ನೀರು, ತಳದಲ್ಲಿ ಮರಳು, ಮರಳಿನಲ್ಲಿ ಅರ್ಧ ಹುಗಿದುಕೊಂಡ ಚಿಪ್ಪಿಗಳು. ಕರೆಂಟು ಇದ್ದಾಗ ಒಂದು ಪುಟ್ಟ ಯಂತ್ರ ಅವಕ್ಕೆ ಗಾಳಿ ಊದುತ್ತಿತ್ತು. ಇಲ್ಲದಾಗ ನಾವಿಬ್ಬರು, ಸೈಕಲ್ ಪಂಪಿನಿಂದ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಎಂಬ್ರಾಯ್ಡರಿ ಕಲಿಸಿದ್ದರು, ಟೇಬಲ್ ಮ್ಯಾನರ್ಸ್ ಕಲಿಸಿದ್ದರು, ಎಲ್ಲಿ ಸೆಮಿಕೋಲನ್ ಹಾಕಬೇಕು ಎಂಬುದನ್ನು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಚಿಪ್ಪಿಯೊಳಗಿನ ಜೀವಕ್ಕೆ ಸೈಕಲ್ ಪಂಪಿನಿಂದ ಉಸಿರು ಕೊಡುವುದನ್ನು ಕಲಿಸಿದವಳು ಮುರಗೋಡದ ಈ ಹುಡುಗಿ. ಹುಡುಗಿ ಅನ್ನುತ್ತೇನೆ, ನನ್ನ ಮನೆಗೆ ಬಾಡಿಗೆಗೆ ಬಂದಾಗ ಆಕೆಗೆ ಐವತ್ತರ ಹತ್ತಿರ. ನಾನು ಆಗಲೇ ಇಂಗ್ಲಿಷ್ ಮೇಷ್ಟರಗಿತ್ತಿಯ ಕೆಲಸದಿಂದ ರಿಟೈರ್ ಆಗಿ, ಯಜಮಾನರನ್ನೂ ಕಳೆದುಕೊಂಡು, ಮೇಲಿನ ಕೋಣೆ ಯಾಕೆ ಖಾಲಿ ಬಿಡುವುದು ಎಂದು ಬೋರ್ಡು ಹಾಕಿದ್ದೆ.

ಆಕೆ ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಹೆಸರು ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಆಕೆಗೆ ಮದುವೆಯ ಪತ್ರಿಕೆಯಲ್ಲಿ ಕೂಡ ಸೇರುತ್ತಿರಲಿಲ್ಲ.

ಮೀನಿನ ಇಲಾಖೆಯಲ್ಲಿ ಅಧಿಕಾರಿ. ಆದರೆ ಜನ್ಮದಲ್ಲಿ ಮೀನು ತಿಂದವಳಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ, ಹೊಲವಿತ್ತು, ಹತ್ತಿಯ ವ್ಯಾಪಾರವಿತ್ತು. ಕರಾವಳಿಯಲ್ಲಿ ಮೀನಿನ ವಿಜ್ಞಾನ ಓದುತ್ತೇನೆಂದು ಹಟ ಹಿಡಿದಾಗ ತಾಯಿ ಎರಡು ದಿನ ಒಲೆ ಹಚ್ಚಲಿಲ್ಲವಂತೆ. "ಮೀನಾ ಮುಟ್ಟಿದ ಕೈಲೆ ನಾಳೆ ಗಂಡನ ಮನ್ಯಾಗ ರೊಟ್ಟಿ ಹೆಂಗ ಬಡೀತಿಯವಾ?" ಎಂದು ಕೇಳಿದ್ದರಂತೆ. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಸಂಗವೇ ಬರಲಿಲ್ಲ. ನೋಡಲು ಬಂದ ವರಗಳು ಕೆಲಸ ಯಾವುದೆಂದು ಕೇಳಿ, ಅವಲಕ್ಕಿ ತಿಂದು, ಚಹಾ ಕುಡಿದು ಎದ್ದುಹೋದವು. ಆಕೆ ಇದನ್ನು ಹೇಳುವಾಗ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಅವಲಕ್ಕಿ ಅಷ್ಟು ಛಲೋ ಇತ್ರಿ ಅಕ್ಕೋರ, ಒಬ್ಬನೂ ಬಿಟ್ಟು ಏಳಲಿಲ್ಲ" ಅನ್ನುತ್ತಿದ್ದಳು.

ನವಿಲುತೀರ್ಥದ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಮಾತ್ರ ಆಕೆ ಮೀನು ತಿನ್ನದಿರುವುದು ದೊಡ್ಡ ವರವಾಗಿತ್ತು. ಅವರ ಸೊಸೈಟಿಯ ಹಿರಿಯ ಫಕೀರಪ್ಪ ಒಮ್ಮೆ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ: "ಅಕ್ಕೋರ, ಈ ಮೇಡಂಗ ಲಂಚಾ ಕೊಡಾಕ ನಮ್ಮ ಹಂತ್ಯಾಕ ಏನೂ ಇಲ್ಲ ನೋಡ್ರಿ. ಹಿಂದಿನ ಸಾಹೇಬ್ರು ಬಂದ್ರ ದೊಡ್ಡ ಮೀನಾ ಬ್ಯಾಗಿನಾಗ ಹೊಕ್ಕಿತಂತನ ತಿಳೀರಿ. ಇವ್ರಿಗೆ ಏನು ಕೊಡೂಣ? ಬಲೀ ಕೊಡಾಕ ಬರತೈತೇನು?"

"ಬದನಿಕಾಯಿ ಕೊಡೋ ಫಕೀರಪ್ಪ" ಎಂದಳು ಮೇಲಿನಿಂದಲೇ. ಮರುದಿನ ಒಂದು ಬುಟ್ಟಿ ಬದನೆಕಾಯಿ ಬಂತು. ಅದನ್ನು ಹಾಗೆಯೇ ವಾಪಸು ಕಳಿಸಿದಳು. ನನಗೆ ಮಾತ್ರ ಎಣಗಾಯಿ ತಪ್ಪಿತೆಂದು ಬಹಳ ಹಳಹಳಿಯಾಯಿತು.

ಸಮುದ್ರವಿಲ್ಲದ ಊರಿಗೆ ಸಮುದ್ರದ ಮೇಡಂ ಹೇಗೆ ಬಂದಳು ಎಂದು ಎಲ್ಲರೂ ಕೇಳುತ್ತಿದ್ದರು. ನಾನೂ ಕೇಳಿದೆ. "ಪ್ರಮೋಷನ್ ಮೇಲೆ ಬಂದೀನ್ರಿ" ಎಂದು ನಕ್ಕಳು. ಆ ನಗೆಯ ಅರ್ಥ ಕಂತುಕಂತಾಗಿ ತಿಳಿಯಿತು.

ಕರಾವಳಿಯ ನೀರು, ಜೊತೆಗೆ ಒಳನಾಡಿನ ಜಲಾಶಯಗಳ ನೀರು ಕೆಡುತ್ತಿದೆ ಎಂದು ರಾಜಧಾನಿಯಲ್ಲಿ ಒಂದು ಸಮಿತಿ ಮಾಡಿದ್ದರು. ಏನೇನು ಮಾಡಬೇಕು ಎಂಬ ಕಾರ್ಯಯೋಜನೆ ಬರೆಯುವ ಸಮಿತಿ. ಆಕೆ ಅದರಲ್ಲಿ ಸದಸ್ಯೆ. ಎರಡು ಸಂಗತಿ ಹಿಡಿದುಕೊಂಡಿದ್ದಳು: ಹುಳಿ ಮತ್ತು ಉಸಿರು. ಸಮುದ್ರದ ನೀರಿಗೆ ಹುಳಿ ಏರುತ್ತಿದೆ, ಉಸಿರು ಇಳಿಯುತ್ತಿದೆ. ಎದುರು ಮನೆಯ ಗೌಡಶಾನಿ ಇದನ್ನು ಕೇಳಿ, "ಏರಲಿ ಬಿಡಬೇ, ಸಮುದ್ರ ಹುಳಿ ಆದ್ರ ನಮ್ಮ ಸಾರಿಗೆ ಹುಣಸಿಹಣ್ಣು ಉಳೀತು" ಎಂದಿದ್ದರು.

ಆಕೆ ಸಿಟ್ಟಾಗಲಿಲ್ಲ. ಗೋಲಿ ಸೋಡಾ ತರಿಸಿದಳು. ಗೌಡಶಾನಿಯ ಎಲೆಯಡಿಕೆ ಚೀಲದಿಂದಲೇ ಒಂದು ಚಿಟಿಕೆ ಸುಣ್ಣ ತೆಗೆದು ಲೋಟದ ನೀರಿಗೆ ಕದಡಿದಳು; ನೀರು ಹಾಲಿನಂತೆ ಬೆಳ್ಳಗಾಯಿತು. ಅದಕ್ಕೆ ಸೋಡಾ ಸುರಿಯುತ್ತ ಹೋದಳು, ಸುರಿಯುತ್ತ ಹೋದಳು. ಕೊನೆಗೆ ಬಿಳುಪು ಕರಗಿ ನೀರು ತಿಳಿಯಾಯಿತು.

"ಸೋಡಾ ಕುಡದ್ರ ನಾಲಿಗಿ ಚುರ್ ಅಂತೈತಲ್ಲ, ಅದು ಗ್ಯಾಸಿನ ಹುಳಿರಿ. ನಮ್ಮ ಹೊಗಿ ಎಲ್ಲಾ ಸಮುದ್ರ ಕುಡಿಯಾಕ ಹತ್ತೈತಿ, ಕುಡದು ಕುಡದು ಹನಿ ಹನಿ ಸೋಡಾ ಆಗಾಕ ಹತ್ತೈತಿ. ಚಿಪ್ಪಿ ಮೈಮ್ಯಾಲೆ ಇರೂದು ಸುಣ್ಣಾ. ಮನೀ ಕಟಗೋಳೂ ಸುಣ್ಣಾನ ಕರಗಾಕ ಹತ್ತಿದ್ರ ಮರಿ ಎಲ್ಲಿ ಇರಬೇಕ್ರಿ ಗೌಡಶಾನಿ?"

ಗೌಡಶಾನಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಉಳದ ಸೋಡಾ ಕುಡೀಲೇನು?" ಎಂದರು.

ಒಂದು ರಾಜ್ಯ ಸರಕಾರ ಈ ಹುಳಿಯನ್ನು ನಿಲ್ಲಿಸಲಾರದು ಎಂದು ಆಕೆಗೆ ಗೊತ್ತಿತ್ತು. ಅದು ಜಗತ್ತಿನ ಹೊಗೆ. ಆದರೆ ನದಿ ಸಮುದ್ರ ಸೇರುವ ಅಳಿವೆಗೆ ಊರಿನ ಗಟಾರದ ನೀರು, ಹೊಲದ ಗೊಬ್ಬರ ಬಂದು ಬೀಳದಂತೆ ತಡೆಯಬಹುದು. ಸತ್ತ ಚಿಪ್ಪುಗಳನ್ನು ಸುಣ್ಣದ ಭಟ್ಟಿಗೆ ಹಾಕದೆ ತಿರುಗಿ ನೀರಿನ ತಳಕ್ಕೇ ಹಾಸಬಹುದು. ಇದನ್ನೆಲ್ಲ ಸಮಿತಿ ತಲೆಯಾಡಿಸಿ ಒಪ್ಪಿತ್ತು. ಒಂದೇ ಒಂದು ಮಾತನ್ನು ಒಪ್ಪಲಿಲ್ಲ: ನೀರಿನ ಉಸಿರನ್ನು ಬೆಳಕು ಹರಿಯುವ ಮುಂಚೆ ಅಳೆಯಬೇಕು.

ಯಾಕೆಂದರೆ, ಹಗಲಿನಲ್ಲಿ ನೀರಿನ ಪಾಚಿ ಬಿಸಿಲು ಕುಡಿದು ನೀರಿಗೆ ಆಕ್ಸಿಜನ್ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಅದೇ ಆಕ್ಸಿಜನ್ನನ್ನು ಎಳೆದುಕೊಳ್ಳುತ್ತದೆ. ಪೂರ್ವದಲ್ಲಿ ಕೆಂಪು ಮೂಡುವ ಮುಂಚೆ ನೀರಿಗೆ ಉಸಿರು ಅತ್ಯಂತ ಕಡಿಮೆ. ಸಾಯುವ ಜೀವಗಳು ಸಾಯುವುದು ಆಗ. ನೀರು ಪರೀಕ್ಷೆ ಮಾಡುವವರ ಗಾಡಿ ಬರುವುದು ಹನ್ನೊಂದಕ್ಕೆ, ದಾರಿಯಲ್ಲಿ ಉಪ್ಪಿಟ್ಟು-ಚಹಾ ಮುಗಿಸಿ. ಅಷ್ಟರಲ್ಲಿ ನೀರು ಮುಖ ತೊಳೆದುಕೊಂಡು ಚೆಂದಾಗಿ ಕುಳಿತಿರುತ್ತದೆ. ವರದಿ: ಎಲ್ಲ ಸರಿಯಾಗಿದೆ.

ಕರಾವಳಿಯ ಅಳಿವೆಯೊಂದರಲ್ಲಿ ಸೊಂಟದ ಮಟ್ಟ ನೀರಿಗಿಳಿದು ಚಿಪ್ಪಿ ಆರಿಸಿ ಬದುಕುವ ಹೆಂಗಸರಿದ್ದರು. ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅವರ ಚಿಪ್ಪಿಯ ಹಾಸೆಲ್ಲ ಬಾಯಿ ತೆರೆದು ಸತ್ತು ಬಿದ್ದಿತು. ಒಬ್ಬ ಮುದುಕಿ ಸತ್ತ ಚಿಪ್ಪಿಗಳನ್ನು ಬುಟ್ಟಿಯಲ್ಲಿ ಹೊತ್ತು ಕಚೇರಿಗೆ ತಂದಳು. ಕಚೇರಿಯವರು ಪರೀಕ್ಷೆಯ ಕಾಗದ ನೋಡಿ, ನಿಮ್ಮ ನೀರು ಸರಿ ಇದೆಯಮ್ಮ, ನೀವೇ ಏನೋ ಮಾಡಿರಬೇಕು ಎಂದರು. ಆ ಮುದುಕಿ ಜಗಳ ಆಡಲಿಲ್ಲವಂತೆ. ನನ್ನ ಈ ಗೆಳತಿಯ ಮುಖವನ್ನೇ ನೋಡಿ, "ಹಾಗಾರೆ ನಾ ಸುಳ್ಳಿಯಾ ಮೇಡಂ?" ಎಂದು ಕೇಳಿದಳಂತೆ, ಅಷ್ಟೆ.

"ನಿಮ್ಮ ನೀರಿನ ಖರೇ ಮಾತು ಸರಕಾರದ ಯೋಜನಾದಾಗ ಬರೂತನಕಾ ನಾ ಬಿಡಂಗಿಲ್ಲ ಅಂತ ಮಾತು ಕೊಟ್ಟು ಬಂದೀನ್ರಿ ಅಕ್ಕೋರ" ಎಂದಳು ನನಗೆ. ಸಮಿತಿಯಲ್ಲಿ ಆಕೆ ಆ ಮಾತನ್ನು ಜೋರಾಗಿ ಆಡಿದ ಮೇಲೆಯೇ ಈ ಪ್ರಮೋಷನ್ ಬಂದದ್ದು. ಸದಸ್ಯತ್ವ ಮಾತ್ರ ಯಾರೂ ತೆಗೆಯಲಿಲ್ಲ. ಮರೆತಿರಬೇಕು. ತಿಂಗಳಿಗೊಮ್ಮೆ ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ಮೀಟಿಂಗಿನಲ್ಲಿ ಕೂಡುತ್ತಿದ್ದಳು. ಆಕೆಯ ಸರದಿ ಬಂದಾಗ ಪ್ರತಿ ಸಲ ಅದೇ ಮಾತು. ಆಚೆಯಿಂದ ಪ್ರತಿ ಸಲ ಅದೇ ಉತ್ತರ: ನೋಟೆಡ್, ಮೇಡಂ. ಒಳಗೆ ಒಗ್ಗರಣೆ ಹಾಕುತ್ತಿದ್ದ ನನಗೂ ಅದು ಬಾಯಿಪಾಠವಾಯಿತು. ಸಚ್ ಎ ಸ್ಟಬರ್ನ್ ವುಮನ್, ಎಂದುಕೊಳ್ಳುತ್ತಿದ್ದೆ, ಪ್ರೀತಿಯಿಂದಲೇ.

ಇಷ್ಟರಲ್ಲಿ ಮೋಡ ಮುಚ್ಚಿದ ಕೆಲವು ದಿನಗಳು ಬಂದವು. ಗಾಳಿಯೂ ಬಿದ್ದುಹೋಗಿತ್ತು. ಬೈಲಹೊಂಗಲದ ಕಡೆಯ ಹೊಲಗಳನ್ನು ತೊಳೆದುಕೊಂಡು ಬಂದ ಮಲಪ್ರಭೆಯ ನೀರು ಹಿನ್ನೀರಿನ ಒಂದು ಮೂಲೆಯಲ್ಲಿ ಪಲ್ಯದ ರಸದ ಹಾಗೆ ಹಸಿರಾಗಿ ನಿಂತಿತ್ತು. ಫಕೀರಪ್ಪ ಬೆಳ್ಳಂಬೆಳಗ್ಗೆ ಓಡಿಬಂದ: "ಮೇಡಂರೀ, ಮೀನಾ ಎಲ್ಲಾ ಮ್ಯಾಲೆ ಬಂದು ಬಾಯಿ ಬಿಡಾಕ ಹತ್ತ್ಯಾವ್ರಿ!" ಆಕೆ ಹೋಗಿ ಅಳೆದಳು. ವಿಷಯ ಮೇಲಕ್ಕೆ ತಿಳಿಸಿದಳು. ಪರೀಕ್ಷೆಯ ಗಾಡಿ ಬಂತು, ಹನ್ನೊಂದಕ್ಕೆ, ಮೋಡ ಹರಿದು ಬಿಸಿಲು ಬಿದ್ದ ಮೇಲೆ. ನೀರು ಸರಿಯಾಗಿದೆ ಎಂದು ಬರೆದುಕೊಂಡು ಹೋಯಿತು. ಮೀನುಗಾರರು ಏನೋ ಔಷಧ ಹಾಕಿರಬೇಕು ಎಂಬ ಮಾತೂ ಯಾರದೋ ಬಾಯಿಂದ ಬಂತು. ಫಕೀರಪ್ಪ ತಲೆಯ ಮೇಲಿನ ಟವೆಲ್ ತೆಗೆದು ಕೊಡವಿದ. ಆಕೆ ಅವನನ್ನೇ ನೋಡುತ್ತ ನಿಂತಿದ್ದಳು. ಮುದುಕಿಯ ಬುಟ್ಟಿ ಕಣ್ಣ ಮುಂದೆ ಬಂದಿರಬೇಕು.

ಅದೇ ವಾರ ಸಮಿತಿಯ ಅಧ್ಯಕ್ಷರು, ಬಹಳ ದೊಡ್ಡ ಸಾಹೇಬರು, ಪತ್ನಿಯೊಂದಿಗೆ ಗುಡ್ಡದ ದೇವಿಯ ದರ್ಶನಕ್ಕೆ ಬರುತ್ತಾರೆ ಎಂದು ಗೊತ್ತಾಯಿತು. ನಮ್ಮ ಕಡೆ ಇದು ನಡೆದುಬಂದ ಪದ್ಧತಿ. ಸಾಹೇಬರು ಬರುವುದು ದೇವಿಗೆ, ಬರೆದುಕೊಳ್ಳುವುದು ಇನ್ಸ್‌ಪೆಕ್ಷನ್ ಎಂದು. ಆಕೆ ಫೋನು ಹಚ್ಚಿ ಬಹಳ ವಿನಯದಿಂದ ಹೇಳಿದಳು: "ಸರ್, ಹುಣ್ಣಿಮಿ ಗದ್ದಲ ಇರತೈತ್ರಿ. ನಸುಕಿನ್ಯಾಗ ಹೊಂಟ್ರ ದರ್ಶನ ಆರಾಮ ಆಗತೈತ್ರಿ. ನಾನ ಕರಕೊಂಡು ಹೋಗ್ತೇನ್ರಿ." ಫೋನಿಟ್ಟು ನನ್ನ ಕಡೆ ತಿರುಗಿದಳು. "ಅಕ್ಕೋರ, ನೀವೂ ಬರ್ರಿ. ಅವರ ಮಿಸೆಸ್ ಜೋಡಿ ಇಂಗ್ಲಿಷಿನ್ಯಾಗ ಮಾತಾಡಾಕ ಒಬ್ರು ಬೇಕು."

ಆ ನಸುಕಿನಲ್ಲಿ ಗಾಡಿ ಗುಡ್ಡದ ಕಡೆ ತಿರುಗಲಿಲ್ಲ, ಹಿನ್ನೀರಿನ ಕಡೆ ತಿರುಗಿತು. ಸಾಹೇಬರು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಇಳಿದಾಗ ಆಕಾಶ ಬೂದಿಬಣ್ಣ. ಫಕೀರಪ್ಪ ಮತ್ತು ಇನ್ನಿಬ್ಬರು ಕಲ್ಲಿನ ಮೇಲೆ ಕುಳಿತು ಕಾಯುತ್ತಿದ್ದರು. ನೀರಿನ ಮೇಲೆಲ್ಲ ಪುಟ್ಟ ಪುಟ್ಟ ಬಾಯಿಗಳು, ತೆರೆದು, ಮುಚ್ಚಿ, ತೆರೆದು.

"ಅಯ್ಯೋ, ಎಷ್ಟು ಮುದ್ದಾಗಿವೆ! ನಮ್ಮನ್ನ ನೋಡೋಕೆ ಬಂದಿವೆ ನೋಡಿ" ಎಂದರು ಮಿಸೆಸ್. ಕೈಚೀಲದಿಂದ ದೇವಿಗೆಂದು ತಂದ ಚುರಮುರಿಯನ್ನು ಒಂದು ಹಿಡಿ ಎಸೆದರು. ಒಂದು ಮೀನೂ ತಿನ್ನಲಿಲ್ಲ. ಚುರಮುರಿ ಆ ಬಾಯಿಗಳ ನಡುವೆ ತೇಲಿತು.

"ತಿನ್ನಾಕ ಬಂದಿಲ್ರಿ ಮೇಡಂ. ಉಸಿರು ಸಾಲವಲ್ದು, ಅದಕ್ಕ ಬಂದಾವ್ರಿ" ಎಂದಳು ಆಕೆ ಮೆಲ್ಲಗೆ.

ಮಿಸೆಸ್ ಕೈ ಹಿಂದಕ್ಕೆ ತೆಗೆದುಕೊಂಡರು. ಆಕೆ ಆಕ್ಸಿಜನ್ ಅಳೆಯುವ ಮೀಟರಿನ ವೈರು ನೀರಿಗೆ ಬಿಟ್ಟು, ಮೀಟರನ್ನು ಸಾಹೇಬರ ಕೈಗೇ ಕೊಟ್ಟಳು. ಅಂಕಿ ಇಳಿಯುತ್ತ ಇಳಿಯುತ್ತ ಎರಡರ ಹತ್ತಿರ ನಿಂತಿತು. ಐದಾದರೂ ಇರಬೇಕಿತ್ತು. ಆಕೆ ವೈರು ಸುತ್ತಿಕೊಂಡಳು. "ಈಗ ದರ್ಶನಕ್ಕ ಹೋಗೂಣ್ರಿ ಸರ್" ಎಂದಳು. ದರ್ಶನವಾಯಿತು, ಭಂಡಾರ ಹಚ್ಚಿಸಿಕೊಂಡದ್ದಾಯಿತು, ಉಪ್ಪಿಟ್ಟು ಆಯಿತು. ಹನ್ನೊಂದಕ್ಕೆ ಅದೇ ಕಲ್ಲು, ಅದೇ ವೈರು. ಎಂಟು ದಾಟಿ ಏರುತ್ತಿತ್ತು.

ಸಾಹೇಬರು ದಡ್ಡರಲ್ಲ. ಬಹಳ ಹೊತ್ತು ಅಂಕಿಯನ್ನೇ ನೋಡಿದರು. ಹಣೆಯ ಭಂಡಾರ ಬೆವರಿನೊಂದಿಗೆ ಮೂಗಿನ ಮೇಲೆ ಇಳಿದಿತ್ತು.

"ಅಲ್ಲಮ್ಮ, ಆ ಹೊತ್ತಿಗೆ ಯಾರು ಬರ್ತಾರೆ? ವೆಹಿಕಲ್ ಬೇಕು, ಸ್ಟಾಫ್ ಒಪ್ಪಲ್ಲ, ಯೂನಿಯನ್ನು..."

"ಯಾರೂ ಬರೂದು ಬ್ಯಾಡ್ರಿ ಸರ್. ಇವ್ರು ಇಲ್ಲೇ ಇರ್ತಾರಲ್ರಿ ಆ ಹೊತ್ತಿಗೆ. ಮೀಟರ್ ಇವ್ರ ಕೈಯಾಗ ಕೊಡ್ರಿ."

"ಮೀನು ಹಿಡಿಯೋರ ರೀಡಿಂಗನ್ನ ಸರ್ಕಾರ ಹೇಗಮ್ಮ ಒಪ್ಪತ್ತೆ?"

"ಹಳ್ಳಿ ಹಳ್ಳಿ ಡೇರ್‍ಯಾಗ ನಸುಕಿನ್ಯಾಗ ಹಾಲಿನ ಫ್ಯಾಟ್ ನೋಡ್ತಾರಲ್ರಿ ಸರ್. ಅವರೇನು ಐಎಎಸ್ ಮಾಡ್ಯಾರೇನ್ರಿ? ಆ ಹಾಲು ನಾವೂ ನೀವೂ ಕುಡೀತೇವಿ."

ಮೊದಲು ನಕ್ಕವರು ಮಿಸೆಸ್. ಆಮೇಲೆ ಸಾಹೇಬರೂ.

ಕೆಲವು ತಿಂಗಳಿಗೆ ಕಾರ್ಯಯೋಜನೆ ಹೊರಬಂತು. ಒಳನಾಡಿನ ಜಲಾಶಯಗಳಲ್ಲಿ ಬೆಳಕು ಹರಿಯುವ ಮುಂಚೆ, ಮೀನುಗಾರರ ಸೊಸೈಟಿಗಳ ಮೂಲಕವೇ ನೀರನ್ನು ಅಳೆಯತಕ್ಕದ್ದು ಎಂದು ಅದರಲ್ಲಿತ್ತು. ಸವದತ್ತಿಯಿಂದ ಶುರು. ಫಕೀರಪ್ಪ ತೆಂಗಿನಕಾಯಿ, ಶಾಲು ತಂದು ನನ್ನ ಪಡಸಾಲೆಯಲ್ಲಿ ಆಕೆಗೆ ಹೊದಿಸಿದ. ಈ ಸಲ ಬದನೆಕಾಯಿಯನ್ನೂ ಬಿಟ್ಟುಹೋದ. ಎಣಗಾಯಿ ಮಾಡಿದೆ.

ಆಕೆ ತುತ್ತು ಎತ್ತಲಿಲ್ಲ. ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಬಿಟ್ಟಳು.

"ಗೆದ್ದೀಯಲ್ಲ, ಮತ್ಯಾಕ ಮಾರಿ ಹಿಂಗ?" ಎಂದೆ.

"ಇಲ್ಲಿ ಗೆದ್ದೀನ್ರಿ ಅಕ್ಕೋರ. ಮಾತು ಕೊಟ್ಟಿದ್ದು ಅಲ್ಲಿ."

ಕರಾವಳಿಯ ಅಧ್ಯಾಯದಲ್ಲಿ ಆ ಸಾಲು ಇರಲಿಲ್ಲ. ಹೆಚ್ಚಿನ ಅಧ್ಯಯನದ ನಂತರ ಪರಿಶೀಲಿಸಲಾಗುವುದು ಎಂದಿತ್ತು. ಸಾಹೇಬರು ಫೋನಿನಲ್ಲಿ ಆಕೆಗೆ ಪ್ರಾಮಾಣಿಕವಾಗಿಯೇ ಹೇಳಿದ್ದರಂತೆ: ಡ್ಯಾಮಿನ ನೀರು ಕೆಟ್ಟಿದೆ ಎಂದರೆ ನೋಯುವವರು ಯಾರೂ ಇಲ್ಲ, ಅಳಿವೆಯ ನೀರು ಕೆಟ್ಟಿದೆ ಎಂದು ಬರೆದ ದಿನ ದಂಡೆಯ ಊರುಗಳ ಗಟಾರವೆಲ್ಲ ನಿಲ್ಲಿಸಬೇಕಾಗುತ್ತದೆ, ಹೋಟೆಲಿನವರು ಬರುತ್ತಾರೆ, ಬಂದರಿನವರು ಬರುತ್ತಾರೆ. ವೇಯ್ಟ್ ಮಾಡಿ. ಆಕೆ ಸಾಹೇಬರನ್ನು ಬೈಯಲಿಲ್ಲ. "ಅವ್ರು ಹೇಳಿದ್ದು ಖರೇನ ಐತ್ರಿ" ಎಂದಳು. ನಾನು ಬೈದೆ, ಕಾನ್ವೆಂಟಿನಲ್ಲಿ ಕಲಿಸದ ಶಬ್ದಗಳಲ್ಲಿ.

ಮರುವರ್ಷ ನೌಕರಿಯ ಅವಧಿ ಉಳಿದಿರುವಾಗಲೇ ಬಿಡುಗಡೆ ತೆಗೆದುಕೊಂಡಳು. ಮುರಗೋಡದ ಮನೆಯಲ್ಲಿ ಗದ್ದಲವೋ ಗದ್ದಲ. ತೊಂಬತ್ತು ಸಮೀಪಿಸಿದ ತಾಯಿ ನನ್ನನ್ನು ಕರೆಸಿಕೊಂಡು, "ನೀವರೆ ಹೇಳ್ರಿ ಅಕ್ಕಾರ, ರಿಟೈರ ಆದ ಮ್ಯಾಲೆ ಮಂದಿ ಕಾಶಿಗೆ ಹೋಗ್ತಾರು. ಇಕಿ ಮೀನಿನೂರಿಗೆ ಹೊಂಟಾಳ" ಎಂದು ಕಣ್ಣೊರೆಸಿಕೊಂಡರು. ಆಕೆ ತಾಯಿಯ ಪಾದದ ಹತ್ತಿರ ಕುಳಿತು ಉಗುರು ತೆಗೆಯುತ್ತಿದ್ದಳು. "ಯವ್ವಾ, ಅಲ್ಲೂ ನೀರೈತಿ, ಇಲ್ಲೂ ನೀರೈತಿ" ಎಂದಳು. ಅದಕ್ಕೆ ತಾಯಿ, "ಹೌದು ಹೌದು, ಸುಮ್ಮ ಕುಂದರು, ಕಾಲು ಕೊಯ್ದೀ" ಎಂದರು. ಒಪ್ಪಿಗೆ ಸಿಕ್ಕಿದ್ದು ಹೀಗೆ.

ಸ್ವಂತದ್ದೊಂದು ಮೀಟರು, ಒಂದು ಚೀಲ ಜೋಳದ ಹಿಟ್ಟು ತೆಗೆದುಕೊಂಡು ಆಕೆ ಆ ಅಳಿವೆಯ ದಂಡೆಗೆ ಹೋಗಿ ನೆಲೆಸಿದಳು. ಸರಕಾರ ಅಳೆಯದಿದ್ದರೆ ನಾವು ಅಳೆಯೋಣ, ಅಧ್ಯಯನ ಬೇಕಂತೆ, ಮಾಡಿ ಕೊಡೋಣ. ಅಷ್ಟೇ ಆಕೆಯ ತರ್ಕ. ಆ ಚಿಪ್ಪಿಯ ಹೆಂಗಸರಿಗೆ ಮೀಟರು ಹಿಡಿಯಲು ಕಲಿಸಿದಳು. ಅವರು ಬರೆದ ಅಂಕಿಗಳನ್ನು ತಿಂಗಳು ತಿಂಗಳು ಸಮಿತಿಗೆ ಕಳಿಸುತ್ತಿದ್ದಳು. ಕೊನೆಯವರೆಗೂ ಆ ಅಧ್ಯಾಯ ಬದಲಾಗಲಿಲ್ಲ. ಈಗಲೂ ಪರಿಶೀಲನೆಯಲ್ಲಿದೆ ಎಂದು ಕೇಳುತ್ತೇನೆ. ಆದರೆ ಒಮ್ಮೆ ಸಮಿತಿಯಿಂದ ಒಬ್ಬ ತರುಣ ಅಧಿಕಾರಿ ನಸುಕಿನಲ್ಲಿ ಬಂದು ಅವರ ದೋಣಿಯಲ್ಲಿ ಕುಳಿತು ಅಂಕಿಯನ್ನು ಕಣ್ಣಾರೆ ನೋಡಿ, ಸಹಿ ಮಾಡಿ ಹೋದನಂತೆ. ಅದನ್ನು ಹೇಳಲು ಆಕೆ ನನಗೆ ಎರಡು ಸಲ ಫೋನು ಮಾಡಿದ್ದಳು. ಮೊದಲ ಸಲ ಹೇಳಿದ್ದು ಮರೆತು.

ಒಂದೇ ಸಲ ಹೋಗಿ ಬಂದೆ. ಒಂದು ಕೋಣೆಯ ಹಂಚಿನ ಮನೆ. ಅಕ್ಕಪಕ್ಕ ಎಲ್ಲರ ಮನೆಯಲ್ಲೂ ಮೀನು ಹುರಿಯುವ ವಾಸನೆ. ಈಕೆಯ ಒಲೆಯ ಮೇಲೆ ರೊಟ್ಟಿಯ ಹಂಚು. ಆ ಬುಟ್ಟಿಯ ಮುದುಕಿಯನ್ನೂ ಕಂಡೆ. ನನ್ನ ಸೀರೆಯ ಸೆರಗು ಮುಟ್ಟಿ ನೋಡಿ, "ಇಳಕಲ್ಲಾ?" ಎಂದು ಕೇಳಿದಳು. ಆಮೇಲೆ ನಮ್ಮ ಮೇಡಂ ಕಡೆ ಗದ್ದ ಚಾಚಿ, "ಇವಳಿಗೆ ಸ್ವಲ್ಪ ಹೇಳಿ. ನೀರಿಗೆ ಉಸಿರಾಯ್ತಾ ಕೇಳ್ತದೆ, ತನ್ನ ಕೆಮ್ಮಿಗೆ ಔಷಧ ತಕ್ಕಣದಿಲ್ಲ" ಎಂದಳು. ನಾನು ಹೇಳಿದೆ. ಆಕೆ, "ನೋಟೆಡ್, ಮೇಡಂ" ಎಂದಳು.

ಮರುದಿನ ನನ್ನ ಬಸ್ಸು ಬಹಳ ಬೇಗ ಇತ್ತು. ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಬರುವುದಿಲ್ಲ ಎಂದು ಹಿಂದಿನ ಸಂಜೆಯೇ ಹೇಳಿಬಿಟ್ಟಿದ್ದಳು. ಅದು ಅಳೆಯುವ ಹೊತ್ತು. ಎದ್ದಾಗ ಆಕೆಯ ಹಾಸಿಗೆ ಮಡಚಿಟ್ಟಿತ್ತು. ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಳು. ಆಟೋದವನನ್ನು ದಂಡೆಯ ಹತ್ತಿರ ನಿಲ್ಲಿಸಿ ಇಳಿದೆ. ನೀರೂ ಆಕಾಶವೂ ಒಂದೇ ಬಣ್ಣ. ಸ್ವಲ್ಪ ದೂರದಲ್ಲಿ ದೋಣಿ. ಹುಟ್ಟು ಹಿಡಿದ ಒಬ್ಬಳು ಹೆಂಗಸು, ಪಕ್ಕದಲ್ಲಿ ಆ ಮುದುಕಿ, ನನ್ನ ಕಡೆ ಬೆನ್ನು ಮಾಡಿ ಬಾಗಿ ಕುಳಿತ ಆಕೆ. ವೈರು ನೀರಿನಲ್ಲಿತ್ತು.

"ನಾ ಹೊಂಟೆ!" ಎಂದು ಕೂಗಿದೆ.

ಆಕೆ ತಿರುಗಲಿಲ್ಲ. ಬಲಗೈಯನ್ನು ಮಾತ್ರ ಎತ್ತಿದಳು, ಅಂಗೈ ನನ್ನ ಕಡೆಗೆ, ತಡೀರಿ ಎನ್ನುವ ಹಾಗೆ. ಅಂಕಿ ಇನ್ನೂ ನಿಂತಿರಲಿಲ್ಲ. ಮುದುಕಿ ಮೀಟರಿಗೆ ಕಣ್ಣು ತಾಗಿಸಿಕೊಂಡು ಏನೋ ಓದಿ ಹೇಳಿದಳು. ಆಕೆ ತಲೆ ಅಲ್ಲಾಡಿಸಿದಳು, ಇನ್ನೊಮ್ಮೆ ನೋಡು ಎಂದಿರಬೇಕು. ಹಿಂದೆ ಆಟೋದವನು ಹಾರ್ನ್ ಒತ್ತಿದ. ನಾನು ಸ್ವಲ್ಪ ತಡೆದೆ, ಮತ್ತೂ ಸ್ವಲ್ಪ ತಡೆದೆ. ಆಟೋ ಹತ್ತಿ ಕತ್ತು ಹೊರಳಿಸಿ ನೋಡಿದಾಗಲೂ ಆ ಅಂಗೈ ಹಾಗೆಯೇ ಮೇಲಿತ್ತು.